ನಾಟಕರತ್ನ ಗುಬ್ಬಿ ವೀರಣ್ಣ

ಬೆಂಗಳೂರಿನಿಂದ ವಾಯವ್ಯ ದಿಕ್ಕಿಗೆ ಹೊರಟ ರೈಲುಹಳಿ ಹಿರೇಹಳ್ಳಿಯನ್ನು ಹಾದು ತುಮಕೂರನ್ನು ಮುಟ್ಟಿದ್ದು 1884ರಲ್ಲಿ. ತುಮಕೂರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಗುಬ್ಬಿಯಲ್ಲಿ ಅದೇ ವರ್ಷ ಮತ್ತೊಂದು ಸಂಗತಿ ನಡೆಯಿತು. ಅಡಿಕೆ ತೆಂಗುಗಳ ವ್ಯಾಪಾರಕ್ಕೆ ಹೆಸರಾದ ಆ ಊರಿನ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ ಮೊದಲಾದ ಕಲಾಪ್ರಿಯರು ಕೂಡಿ ಊರದೇವರಾದ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿದರು. ಅಂದು ಅದನ್ನು ಯಾರೂ ದೊಡ್ಡ ಸಂಗತಿಯೆಂದು ಎಣಿಸಿರಲಾರರು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಶಾಕುಂತಲ ನಾಟಕ ಕನ್ನಡದಲ್ಲಿ ರಂಗವೇರಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಅರಮನೆಯ ನಾಟಕ ಸಭೆಗೆ ಮಹಾರಾಜರ ಬೆಂಬಲವಿತ್ತು. ಗುಬ್ಬಿಯವರಿಗೆ ಇದ್ದುದು ಟಿಕೆಟ್ಟು ಕೊಂಡು ಬಂದು ನೆಲದ ಮೇಲೆ ಕೂರುವ ಜನ ಮಾತ್ರ. ಆ ಜನರನ್ನೇ ನಂಬಿ ಸಂಘವು ಊರೂರು ತಿರುಗತೊಡಗಿತು.

ಸಂಘ ಹುಟ್ಟಿದ ಏಳು ವರ್ಷಗಳ ಬಳಿಕ, 1891ರಲ್ಲಿ, ವೀರಣ್ಣನವರು ಜನಿಸಿದರು. ತಂದೆಯ ಹೆಸರು ಹಂಪಣ್ಣ. ಅಕ್ಷರಾಭ್ಯಾಸ ಮುಗಿಸಿ ದೊಡ್ಡ ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಅವರು ನಾಟಕದ ಕಂಪನಿಗೆ ಸೇರಿದರು. ಅವರ ವಿದ್ಯಾಭ್ಯಾಸವೆಲ್ಲ ನಡೆದುದು ಅಲ್ಲಿಯೇ. ಅಂದಿನ ಕಂಪನಿಯೆಂದರೆ ಒಂದು ಚಿಕ್ಕ ಊರೇ ಸರಿ. ನಟರು, ಹಾರ್ಮೋನಿಯಂ ನುಡಿಸುವವರು, ತಬಲದವರು, ಪರದೆ ಬರೆಯುವವರು, ಬಣ್ಣ ಹಚ್ಚುವವರು, ಅಡುಗೆಯವರು, ಅವರ ಹೆಂಡಿರು ಮಕ್ಕಳು ಎಲ್ಲರೂ ಕಂಪನಿಯ ಮನೆಯಲ್ಲಿ ಒಟ್ಟಿಗೆ ಉಂಡು ಒಟ್ಟಿಗೆ ಬದುಕುತ್ತಿದ್ದರು. ಒಂದು ಊರಿನಲ್ಲಿ ವಸೂಲಿ ಇಳಿಮುಖವಾದೊಡನೆ ಮುಂದಿನ ಊರಿಗೆ ಮುಕ್ಕಾಂ ಬದಲಾಗುತ್ತಿತ್ತು. ರೈಲು ಇದ್ದಲ್ಲಿಗೆ ರೈಲು, ಇಲ್ಲದಲ್ಲಿಗೆ ಎತ್ತಿನ ಗಾಡಿ.

ಕಂಪನಿಗೆ ಸೇರಿದ ಹುಡುಗನಿಗೆ ಬಂದ ದಿನವೇ ಪಾತ್ರ ಸಿಗುತ್ತಿರಲಿಲ್ಲ. ನಾಟಕದ ಆರಂಭದಲ್ಲಿ ದೇವರ ಸ್ತುತಿ ಹಾಡಲು ಸಾಲಾಗಿ ನಿಲ್ಲುವ ಹುಡುಗರಿಗೆ ಬಾಲಗೋಪಾಲರೆಂದು ಹೆಸರು. ಎಷ್ಟೋ ದೊಡ್ಡ ನಟರ ಬಾಳು ಆ ಸಾಲಿನಿಂದಲೇ ಮೊದಲಾಯಿತು. ಸ್ತುತಿ ಮುಗಿದ ಮೇಲೆ ಹುಡುಗನಿಗೆ ಕೆಲಸವಿಲ್ಲ, ಆದರೆ ನಿದ್ದೆಯೂ ಇಲ್ಲ. ಪಕ್ಕದ ಪರದೆಯ ಮರೆಯಲ್ಲಿ ನಿಂತು ದೊಡ್ಡವರ ಪಾತ್ರವನ್ನು ಬೆಳಗಿನವರೆಗೆ ನೋಡುವುದೇ ಅವನ ಪಾಠ. ಹೀಗೆ ನೋಡಿ ನೋಡಿ ತನ್ನದಲ್ಲದ ಪಾತ್ರದ ಮಾತು, ಕಂದ, ವೃತ್ತ, ಹಾಡಿನ ಮಟ್ಟು ಎಲ್ಲವೂ ಅವನಿಗೆ ಕಂಠಪಾಠವಾಗುತ್ತಿದ್ದವು. ಯಾರಾದರೂ ಜ್ವರ ಹಿಡಿದು ಮಲಗಿದ ದಿನ ಆ ಹುಡುಗನ ಅದೃಷ್ಟ ತೆರೆಯುತ್ತಿತ್ತು. ವೀರಣ್ಣನವರು ಇಂಥ ವಾತಾವರಣದಲ್ಲಿಯೇ ಬೆಳೆದರು. ಬಾಲಪಾತ್ರಗಳಲ್ಲಿಯೂ ಸ್ತ್ರೀಪಾತ್ರಗಳಲ್ಲಿಯೂ ಪಳಗಿದರು. ಆಗ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುವುದು ರೂಢಿಯಾಗಿತ್ತು.

ರಾತ್ರಿ ನಾಟಕವಾದರೆ ಹಗಲು ತಾಲೀಮು. ಈ ತಾಲೀಮಿನ ಕ್ರಮವನ್ನು ಅರಿಯದೆ ಕಂಪನಿ ನಾಟಕದ ಕಲೆಯನ್ನು ಅರಿಯುವುದು ಕಷ್ಟ. ಅದರಲ್ಲಿಯೂ ಶೋಕಪ್ರಧಾನವಾದ ಪಾತ್ರವೊಂದು ನಟನಲ್ಲಿ ಮೈದಾಳುತ್ತಿದ್ದ ಬಗೆ ತಿಳಿಯಬೇಕಾದುದು. ಹರಿಶ್ಚಂದ್ರನ ಕಥೆಯನ್ನು ಆಡದ ಕಂಪನಿಯೇ ಆ ಕಾಲದಲ್ಲಿ ಇರಲಿಲ್ಲವೆನ್ನಬಹುದು. ಹದಿಮೂರನೆಯ ಶತಮಾನದಲ್ಲಿ ರಾಘವಾಂಕನು ಕಾವ್ಯವಾಗಿ ಹಾಡಿದ ಆ ಕಥೆ ಅಕ್ಷರ ತಿಳಿಯದ ರೈತನಿಗೂ ತಿಳಿದದ್ದು. ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟ ಅರಸು ಹೆಂಡತಿ ಮಕ್ಕಳನ್ನು ಮಾರಿ, ತನ್ನನ್ನು ತಾನೇ ಮಾರಿಕೊಂಡು ಕಾಶಿಯ ಮಸಣವನ್ನು ಕಾಯುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತುಕೊಂಡು ಕತ್ತಲೆಯಲ್ಲಿ ಚಂದ್ರಮತಿ ಅಲ್ಲಿಗೆ ಬರುತ್ತಾಳೆ. ಸುಂಕ ಕೊಡದೆ ಸುಡಲಾಗದೆಂದು ಅವನು ತಡೆಯುತ್ತಾನೆ; ಗಂಡನಲ್ಲದೆ ಬೇರೆ ಯಾರಿಗೂ ಕಾಣದ ತಾಳಿ ಅವನ ಕಣ್ಣಿಗೆ ಬೀಳುತ್ತದೆ. ತಡೆದವನು ಗಂಡ, ತಡೆಸಿಕೊಂಡವಳು ಹೆಂಡತಿ, ನೆಲದ ಮೇಲಿರುವುದು ತನ್ನದೇ ಮಗು ಎಂದು ಅರಿತ ಮೇಲೂ ಅವನು ಸುಂಕವನ್ನು ಬಿಡುವಂತಿಲ್ಲ.

ಇಂಥ ಪಾತ್ರವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ನಟನು ತಾಲೀಮಿನಲ್ಲಿ ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಅವನು ಅಳುತ್ತಾನೆ. ನಿಜವಾಗಿ ಅತ್ತರೆ ಗಂಟಲು ಕಟ್ಟುತ್ತದೆ. ಗಂಟಲು ಕಟ್ಟಿದರೆ ಶ್ರುತಿ ಜಾರುತ್ತದೆ. ಶ್ರುತಿ ಜಾರಿದರೆ ಹಾಡು ಸಾಯುತ್ತದೆ. ಧ್ವನಿವರ್ಧಕವಿಲ್ಲದ ಕಾಲವದು. ತಟ್ಟಿಯ ನಾಟಕಶಾಲೆಯ ಕಟ್ಟಕಡೆಗೆ ಕುಳಿತವನಿಗೂ ಮಾತಿನ ಒಂದೊಂದು ಅಕ್ಷರ ಕೇಳಬೇಕು. ಬಿಕ್ಕುವ ನಟನ ಮಾತು ಮೂರನೆಯ ಸಾಲನ್ನು ದಾಟುವುದಿಲ್ಲ. ಆದುದರಿಂದ ತಾಲೀಮಿನ ಮೇಷ್ಟರು ಮೊದಲು ಕಣ್ಣೀರನ್ನು ಕಿತ್ತುಹಾಕುತ್ತಿದ್ದರು. ಹಾರ್ಮೋನಿಯಮ್ಮಿನ ಮುಂದೆ ಕುಳ್ಳಿರಿಸಿ ಹಾಡಿನ ಮಟ್ಟನ್ನು ಮಾತ್ರ, ಯಾವ ಭಾವವೂ ಇಲ್ಲದಂತೆ, ಹತ್ತಾರು ಬಾರಿ ಹೇಳಿಸುತ್ತಿದ್ದರು. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಪದದ ಮೇಲೆ ನಿಲ್ಲಬೇಕು ಎಂಬುದು ಮೈಗೆ ಹತ್ತಿದ ಮೇಲೆಯೇ ನಿಂತು ಹಾಡುವ ಅಪ್ಪಣೆ. ಅನಂತರ ನಡಿಗೆ. ಸಿಂಹಾಸನದಿಂದ ಇಳಿದ ಅರಸನ ನಡಿಗೆಯೂ ಮಸಣದ ಕಾವಲುಗಾರನ ನಡಿಗೆಯೂ ಒಂದೇ ಆಗಿದ್ದರೆ ಪಾತ್ರ ಕೆಟ್ಟಂತೆ. ಎರಡೂ ಪೂರ್ಣ ಬೇರೆಯಾದರೂ ಕೆಟ್ಟಂತೆಯೇ. ಹೆಗಲ ಮೇಲಿನ ಕೋಲಿನ ಕೆಳಗೆ ಅರಸನ ಬೆನ್ನು ಎಲ್ಲಿಯೋ ಒಂದೆಡೆ ಕಾಣಬೇಕು. ಈ ಒಂದು ಸೂಕ್ಷ್ಮ ಕೆಲವರಿಗೆ ವಾರದಲ್ಲಿ ಸಿದ್ಧಿಸುತ್ತಿತ್ತು, ಕೆಲವರಿಗೆ ವರ್ಷವಾದರೂ ಸಿದ್ಧಿಸುತ್ತಿರಲಿಲ್ಲ.

ಕಡೆಗೆ ಬರುವುದು ಸುಮ್ಮನಿರುವ ಪಾಠ. ತಾಳಿಯನ್ನು ಕಂಡ ಕ್ಷಣದಲ್ಲಿ ಹರಿಶ್ಚಂದ್ರನಿಗೆ ಮಾತಿಲ್ಲ. ಹಾರ್ಮೋನಿಯಂ ನಿಲ್ಲುತ್ತದೆ, ತಬಲ ನಿಲ್ಲುತ್ತದೆ. ಆ ನಿಶ್ಶಬ್ದವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ಯಾವ ಮೇಷ್ಟರೂ ಅಳೆದು ಕೊಡಲಾರರು. ತಾಲೀಮಿನ ಕೋಣೆಯಲ್ಲಿ ಅದು ಬರಿಯ ಅಂದಾಜು. ಸಾವಿರ ಜನರ ಮುಂದೆ ನಿಂತಾಗಲೇ ನಟನಿಗೆ ಅದರ ತೂಕ ತಿಳಿಯುವುದು. ಹೀಗಾಗಿ ಕಂಪನಿ ನಟನ ಪಾಲಿಗೆ ಪ್ರತಿ ರಾತ್ರಿಯ ಆಟವೂ ಮತ್ತೊಂದು ತಾಲೀಮೇ ಆಗಿತ್ತು.

ಪಾತ್ರದ ದುಃಖವನ್ನು ನಟನು ನಿಜವಾಗಿ ಅನುಭವಿಸಬೇಕೆ, ಬೇಡವೆ ಎಂಬ ಚರ್ಚೆ ಪಶ್ಚಿಮದಲ್ಲಿಯೂ ಬಹು ಕಾಲ ನಡೆದಿದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ದಿದರೋ, ತಣ್ಣನೆಯ ತಲೆಯ ನಟನೇ ಪ್ರೇಕ್ಷಕರನ್ನು ಹೆಚ್ಚು ಅಳಿಸಬಲ್ಲನೆಂದು ವಾದಿಸಿದನು. ರಷ್ಯದ ಸ್ಟಾನಿಸ್ಲಾವ್‌ಸ್ಕಿ, ನಟನು ಪಾತ್ರದ ಒಳಬಾಳನ್ನು ತಾನು ಬದುಕಬೇಕೆಂದು ಬೋಧಿಸಿದನು. ಗುಬ್ಬಿಯ ತಾಲೀಮಿನ ಮನೆಯಲ್ಲಿ ಈ ಹೆಸರುಗಳನ್ನು ಕೇಳಿದವರು ಇದ್ದಿರಲಾರರು. ಆದರೆ ಅದೇ ಪ್ರಶ್ನೆ ಅಲ್ಲಿ ದಿನದಿನವೂ ಏಳುತ್ತಿತ್ತು. ಅದಕ್ಕೆ ಉತ್ತರ ಸಿಗುತ್ತಿದ್ದುದು ರಾತ್ರಿಯ ಪ್ರೇಕ್ಷಕರಿಂದ.

ಆ ಪ್ರೇಕ್ಷಕರು ಉದಾರಿಗಳೂ ಹೌದು, ನಿರ್ದಯಿಗಳೂ ಹೌದು. ಹಾಡು ಹಿಡಿಸಿತೆಂದರೆ ಒನ್ಸ್ ಮೋರ್ ಎಂಬ ಕೂಗು ಏಳುತ್ತಿತ್ತು. ಮಸಣದ ದೃಶ್ಯವಾದರೇನು, ಮರಣದ ದೃಶ್ಯವಾದರೇನು, ನಟನು ಹಾಡನ್ನು ಮತ್ತೆ ಮೊದಲಿನಿಂದ ಹಾಡಬೇಕು. ಸತ್ತು ಬಿದ್ದ ಪಾತ್ರವು ಎದ್ದು ನಿಂತು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯುವುದೂ ಕಂಪನಿ ನಾಟಕಗಳಲ್ಲಿ ಉಂಟು. ಇದನ್ನು ಕೇಳಿದರೆ ಇಂದು ನಗು ಬರಬಹುದು. ಕಟ್ಟಿದ ದುಃಖವು ಒಡೆದುಹೋದ ಮೇಲೆ ಎರಡನೆಯ ಬಾರಿ ಅದನ್ನು ಕಟ್ಟಿ ನಿಲ್ಲಿಸಬೇಕಾದ ನಟನ ಪಾಡು ಮಾತ್ರ ನಗುವಂಥದಲ್ಲ. ಕತೆ ದುಃಖದಲ್ಲಿಯೇ ಮುಗಿಯುವುದನ್ನೂ ಅಂದಿನ ಜನ ಒಪ್ಪುತ್ತಿರಲಿಲ್ಲ. ರೋಮಿಯೋ ಜೂಲಿಯಟ್ ನಾಟಕವು ರಾಮವರ್ಮ ಲೀಲಾವತಿ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಾಗ, ಮಡಿದ ಪ್ರೇಮಿಗಳು ದೇವರ ಕೃಪೆಯಿಂದ ಮತ್ತೆ ಬದುಕುವಂತೆ ಕತೆಯನ್ನು ತಿರುಗಿಸಬೇಕಾಯಿತು. ಹರಿಶ್ಚಂದ್ರನಲ್ಲಿಯೂ ಕೊನೆಗೆ ವಿಶ್ವೇಶ್ವರನು ಪ್ರತ್ಯಕ್ಷನಾಗಿ ಮಗುವನ್ನು ಬದುಕಿಸಲೇಬೇಕು. ಮಂಗಳದ ಮುನ್ನ ಜನ ಎಷ್ಟು ಅತ್ತರೆಂಬುದರ ಮೇಲೆ ನಟನ ಯೋಗ್ಯತೆಯ ನಿರ್ಣಯ. ಆ ಅಳುವಿಗೆ ಎಂಥ ಶಕ್ತಿಯಿತ್ತೆಂಬುದಕ್ಕೆ ಗಾಂಧೀಜಿಯವರ ಬಾಲ್ಯವೇ ಸಾಕ್ಷಿ: ಹುಡುಗನಾಗಿದ್ದಾಗ ಗುಜರಾತಿನಲ್ಲಿ ಒಂದು ಕಂಪನಿಯವರ ಹರಿಶ್ಚಂದ್ರ ನಾಟಕವನ್ನು ನೋಡಿದ ಅವರು ಅದನ್ನು ಬಾಳಿನುದ್ದಕ್ಕೂ ಮರೆಯಲಿಲ್ಲ.

ಹೀಗೆ ನಾಲ್ಕಾರು ಗಂಟೆ ಅತ್ತ ಜನರನ್ನು ಬೆಳಗಿನ ಜಾವದವರೆಗೆ ಎಚ್ಚರವಾಗಿ ಇರಿಸುವ ಹೊಣೆ ಹಾಸ್ಯಗಾರನದು. ವೀರಣ್ಣನವರ ಪ್ರತಿಭೆ ನೆಲೆ ಕಂಡುದು ಈ ಸ್ಥಾನದಲ್ಲಿ. ಇದು ಸುಲಭದ ಸ್ಥಾನವಲ್ಲ. ಶೋಕದ ದೃಶ್ಯ ಮುಗಿದ ಮರುಕ್ಷಣವೇ ಒಳನುಗ್ಗಿ ಜನರನ್ನು ನಗಿಸುವ ಹಾಸ್ಯಗಾರ ಹಿಂದಿನ ನಟನ ಒಂದು ಗಂಟೆಯ ದುಡಿಮೆಯನ್ನು ಒಂದೇ ಮಾತಿನಲ್ಲಿ ಹಾಳುಮಾಡಬಲ್ಲ. ಬೇರೆ ಬೇರೆ ಕಂಪನಿಗಳಲ್ಲಿ ಹಾಸ್ಯಗಾರರು ಚಪ್ಪಾಳೆಯ ಆಸೆಗೆ ಬಿದ್ದು ಹಾಗೆ ಮಾಡಿದ ಉದಾಹರಣೆಗಳು ಕಡಿಮೆಯೇನಲ್ಲ. ನಗೆಯ ಅಳತೆ ತಿಳಿಯಬೇಕಾದರೆ ಅಳುವಿನ ಅಳತೆ ತಿಳಿದಿರಬೇಕು. ಬಾಲ್ಯದಿಂದಲೂ ಪರದೆಯ ಮರೆಯಲ್ಲಿ ನಿಂತು ಎಲ್ಲ ಬಗೆಯ ಪಾತ್ರಗಳನ್ನು ಕಂಡಿದ್ದ ವೀರಣ್ಣನವರಿಗೆ ಆ ಎರಡು ಅಳತೆಗಳೂ ಗೊತ್ತಿದ್ದವು.

ಅವರ ಹೆಸರನ್ನು ಮನೆಮಾತಾಗಿಸಿದುದು ಸದಾರಮೆ ನಾಟಕದ ಕಳ್ಳನ ಪಾತ್ರ. ಸದಾರಮೆಯ ಕತೆ ಹಾಸ್ಯದ ಕತೆಯೇನಲ್ಲ. ರಾಜ್ಯ ಕಳೆದುಕೊಂಡ ಗಂಡನೊಡನೆ ಹೊರಟ ಹೆಣ್ಣು ಅವನಿಂದಲೂ ಅಗಲಿ ಒಂಟಿಯಾಗುತ್ತಾಳೆ. ಅಂಥವಳು ಕಳ್ಳನೊಬ್ಬನ ಕೈಗೆ ಸಿಕ್ಕಿಬೀಳುತ್ತಾಳೆ. ಈ ಕಳ್ಳನನ್ನು ಬರಿಯ ಕ್ರೂರಿಯಾಗಿ ಮಾಡಿದರೆ ಜನ ಹಲ್ಲು ಕಡಿಯುತ್ತಾರೆ, ಅಷ್ಟೆ. ಬರಿಯ ಕೋಡಂಗಿಯಾಗಿ ಮಾಡಿದರೆ ನಗುತ್ತಾರೆ. ಆದರೆ ಸದಾರಮೆಗೆ ಒದಗಿದ ಅಪಾಯ ಆ ನಗೆಯಲ್ಲಿ ಮುಳುಗಿಹೋಗಿ ಆ ನಟಿಯ ಪಾತ್ರ ಬಡವಾಗುತ್ತದೆ. ವೀರಣ್ಣನವರ ಕಳ್ಳ ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ನಡೆದವನು. ಅವನು ಕದಿಯಬಲ್ಲ, ಹೆದರಿಸಬಲ್ಲ. ಆದರೂ ಹೆಣ್ಣಿನ ನಾಲ್ಕು ಸಿಹಿಮಾತಿಗೆ ಕರಗಿ, ತನಗೂ ಒಂದು ಮನೆ, ಒಂದು ಸಂಸಾರ ಸಿಕ್ಕೀತೆಂದು ನಂಬಿಬಿಡುವ ಮರುಳ. ಸದಾರಮೆಯ ಜಾಣತನಕ್ಕೆ ಅವನು ಬೇಸ್ತು ಬಿದ್ದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆ ನಗೆಯ ಅಡಿಯಲ್ಲಿ ಆ ಬಡಪಾಯಿಯ ಬಗೆಗೆ ಒಂದಿಷ್ಟು ಕನಿಕರವೂ ಇರದಿದ್ದರೆ, ಒಂದೇ ಪಾತ್ರವನ್ನು ಕನ್ನಡ ನಾಡು ಅಷ್ಟು ವರ್ಷ ಬೇಸರವಿಲ್ಲದೆ ನೋಡುತ್ತಿರಲಿಲ್ಲ. ಆ ಪಾತ್ರ ಒಂದು ದಿನದ ತಾಲೀಮಿನಲ್ಲಿ ಆದುದಲ್ಲ. ಊರಿಂದೂರಿಗೆ ಮಾತು ಬದಲಾಗುತ್ತಿತ್ತು. ಅಂದಿನ ಊರಿನ ಸುದ್ದಿ ಅಂದಿನ ಆಟದಲ್ಲಿ ಸೇರುತ್ತಿತ್ತು. ಸಾವಿರಾರು ರಾತ್ರಿಗಳು ಕೂಡಿ ಅದನ್ನು ತಿದ್ದಿದವು.

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರಿಗೆ ಬಂದಿತು. ಆಗ ಅವರಿಗೆ 26 ವರ್ಷ. ಅಂದಿನಿಂದ ನಗಿಸುವವರೂ ಅವರೇ, ನೂರಾರು ಜನರ ಅನ್ನದ ಚಿಂತೆ ಹೊತ್ತವರೂ ಅವರೇ. ವಸೂಲಿಯಿಲ್ಲದ ರಾತ್ರಿ ಒಲೆ ಹೊತ್ತುವುದು ಹೇಗೆಂಬ ಯೋಚನೆಯಲ್ಲಿರುವ ಯಜಮಾನನು ಬಣ್ಣ ಹಚ್ಚಿ ಜನರನ್ನು ನಗಿಸಬೇಕಾಗಿತ್ತು. ಅವರು ಹಿಂಜರಿಯಲಿಲ್ಲ. ಸಮಾಜ ಮೂಗುಮುರಿಯುತ್ತಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದವರಲ್ಲಿ ಅವರು ಪ್ರಮುಖರು. ಅವರ ಪತ್ನಿಯೂ ಆದ ಬಿ. ಜಯಮ್ಮನವರು ಹಾಗೆ ಬೆಳಗಿದ ನಟಿ. ಅತ್ತೆಯ ಮನೆಯ ಕಾಟವನ್ನೆಲ್ಲ ಸಹಿಸಿದ ಹೇಮರೆಡ್ಡಿ ಮಲ್ಲಮ್ಮನಾಗಿ ಅವರು 1945ರಲ್ಲಿ ಚಲನಚಿತ್ರದಲ್ಲಿಯೂ ಕಾಣಿಸಿಕೊಂಡರು. ಬೆಳ್ಳಾವೆ ನರಹರಿಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಮೊದಲಾದವರು ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು 1934ರಲ್ಲಿ ಆಡಿದಾಗ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಆ ವೈಭವವನ್ನು ಕುರಿತು ಜನ ಇಂದಿಗೂ ಮಾತಾಡುತ್ತಾರೆ. ಮೈಸೂರಿನ ಮಹಾರಾಜರು ಅವರಿಗೆ ನಾಟಕರತ್ನ ಎಂಬ ಬಿರುದನ್ನಿತ್ತು ಗೌರವಿಸಿದರು.

ವೀರಣ್ಣನವರ ಸಾಹಸಗಳೆಲ್ಲ ಫಲಿಸಿದವೆಂದಲ್ಲ. ಚಲನಚಿತ್ರದ ಕಾಲ ಬರುತ್ತಿರುವುದನ್ನು ಕನ್ನಡಿಗರಲ್ಲಿ ಬೇಗ ಗುರುತಿಸಿದವರು ಅವರು. ಬೆಂಗಳೂರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿ ಹರಿಮಾಯ ಮೊದಲಾದ ಮೂಕಿ ಚಿತ್ರಗಳನ್ನು ತೆಗೆದರು. ಆದರೆ 1931ರಲ್ಲಿ ಆಲಂ ಆರಾ ಚಿತ್ರದೊಡನೆ ಪರದೆಗೆ ಮಾತು ಬಂದಿತು. ಮೂಕಿ ಚಿತ್ರಗಳನ್ನು ಕೇಳುವವರಿಲ್ಲವಾದರು. ನಾಟಕದಲ್ಲಿ ಗಳಿಸಿದುದನ್ನು ಚಿತ್ರದಲ್ಲಿ ಕಳೆದು, ಕಳೆದುದನ್ನು ಮತ್ತೆ ನಾಟಕದಲ್ಲಿ ಗಳಿಸಬೇಕಾಯಿತು. 1935ರಲ್ಲಿ ಸದಾರಮೆ ವಾಕ್ಚಿತ್ರವಾಗಿ ಬಂದಿತು. 1942ರಲ್ಲಿ ಬಂದ ಜೀವನ ನಾಟಕ ಎಂಬ ಚಿತ್ರವು ರಂಗನಟನೊಬ್ಬನ ಏಳುಬೀಳಿನ ಕಥೆ. ಬಣ್ಣದ ಬದುಕಿನ ಹೊಳಪನ್ನೂ ಬೇಗೆಯನ್ನೂ ಒಟ್ಟಿಗೆ ಕಂಡ ಗುಬ್ಬಿಯ ಯಜಮಾನರಿಗೆ ಅಂಥ ಕಥೆ ಒಪ್ಪಿಗೆಯಾದುದು ಸಹಜವೇ.

ಕಂಪನಿಯ ತಾಲೀಮಿನ ಮನೆಯಿಂದ ಹೊರಬಂದವರ ಪಟ್ಟಿ ದೊಡ್ಡದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅಲ್ಲಿ ರೌದ್ರ ಪಾತ್ರಗಳಿಗೆ ಹೆಸರಾಗಿದ್ದರು. ಅವರ ಮಗ ಮುತ್ತುರಾಜ ತಂದೆಯ ಬೆನ್ನ ಹಿಂದೆಯೇ ಬೆಳೆದು, ಪರದೆಯ ಮರೆಯಲ್ಲಿ ನಿಂತು ಕಲಿತ ಹುಡುಗ. 1951ರಲ್ಲಿ ತಂದೆ ತೀರಿಕೊಂಡರು. ಮೂರು ವರ್ಷಗಳ ಬಳಿಕ, 1954ರಲ್ಲಿ, ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆಯ ಬೇಡರ ಕಣ್ಣಪ್ಪ ಚಿತ್ರದಲ್ಲಿ ಆ ಯುವಕ ರಾಜಕುಮಾರ್ ಎಂಬ ಹೊಸ ಹೆಸರಿನಿಂದ ಕಾಣಿಸಿಕೊಂಡನು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಡುವ ಬೇಡನ ಪಾತ್ರವದು. ಆ ಚಿತ್ರವನ್ನು ಗಮನಿಸಿ ನೋಡಿದವರಿಗೆ, ಸಿನಿಮಾ ನಟನ ಹಿಂದೆ ಕಂಪನಿಯ ನಟ ನಿಂತಿರುವುದು ಕಾಣದಿರದು. ಕ್ಯಾಮೆರಾ ಹತ್ತಿರದಲ್ಲಿಯೇ ಇದ್ದರೂ ಅವನ ಮಾತು ಕಡೆಯ ಸಾಲಿನ ಪ್ರೇಕ್ಷಕನನ್ನು ಉದ್ದೇಶಿಸಿದಂತೆ ಸ್ಪಷ್ಟ. ದುಃಖದಲ್ಲಿಯೂ ಒಂದಕ್ಷರ ನುಂಗಿಹೋಗುವುದಿಲ್ಲ.

ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದು ಕಂಪನಿಗೆ ಸೇರಿದ ಮತ್ತೊಬ್ಬ ಹುಡುಗನ ಕತೆಯೂ ಉಂಟು. ಅವನಲ್ಲಿ ಓದಿನ ಹಂಬಲವನ್ನು ಕಂಡ ವೀರಣ್ಣನವರು ಅವನನ್ನು ಕಂಪನಿಯಲ್ಲಿಯೇ ಇರಿಸಿಕೊಳ್ಳದೆ ಕಾಶಿಗೆ ಓದಲು ಕಳುಹಿಸಿದರು. ಅವನೇ ಮುಂದೆ ಭಾರತೀಯ ರಂಗಭೂಮಿಯ ದಿಕ್ಕನ್ನು ಬದಲಿಸಿದ ಬಿ. ವಿ. ಕಾರಂತರು. ಒಳ್ಳೆಯ ಕಂಠವಿದ್ದ ಹುಡುಗನನ್ನು ಕೈಬಿಡುವುದು ಕಂಪನಿಯ ಯಜಮಾನನಿಗೆ ಲಾಭದ ಕೆಲಸವಲ್ಲ. ವೀರಣ್ಣನವರ ಜೀವನದ ಎಲ್ಲ ವೈಭವಕ್ಕಿಂತಲೂ ಈ ಒಂದು ನಷ್ಟ ದೊಡ್ಡದೆಂದು ತೋರುತ್ತದೆ.

1955ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ತಮ್ಮ ಬಾಳಿನ ಕಥೆಗೆ ಅವರು ಕಲೆಯೇ ಕಾಯಕ ಎಂದು ಹೆಸರಿಟ್ಟರು. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ನಿಧನರಾದರು.

ಸದಾರಮೆಯ ಕಳ್ಳ ಮಾತ್ರ ಅವರೊಡನೆ ಹೋಗಲಿಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಆ ನಾಟಕವನ್ನು ಮತ್ತೆ ರಂಗಕ್ಕೆ ತಂದು, ತಾತನ ಕಳ್ಳನ ಪಾತ್ರವನ್ನು ತಾವೇ ಧರಿಸಿದರು. ಗಂಡಸರು ಸೀರೆಯುಟ್ಟು ಸದಾರಮೆಯಾಗುತ್ತಿದ್ದ ಕಾಲದಲ್ಲಿ ಹುಟ್ಟಿದ ಕಳ್ಳ, ಹೆಣ್ಣುಮಗಳೊಬ್ಬಳ ಮೈಯಲ್ಲಿ ಮೀಸೆ ತಿರುವಿಕೊಂಡು ಮತ್ತೆ ಬಂದನು. ಜನ ಮೊದಲಿನಂತೆಯೇ ನಕ್ಕರು.